ಕೊನೆಯ ಹೊಲಕ್ಕೆ ಬಾರದ ಕಾಲುವೆ
ಮನೆಯ ಅಂತರಜಾಲ: ಹಳ್ಳಿಗರು ತಿಳಿಯಬೇಕಾದದ್ದು, ಕೇಳಬೇಕಾದದ್ದು

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆಯು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತು, ಗೋಕಾಕದಲ್ಲಿ ಬಂಡೆಯಿಂದ ಧುಮುಕಿ, ಎರೆಭೂಮಿಯ ಬಯಲಿಗೆ ಇಳಿಯುತ್ತದೆ. ಆ ಬಯಲಿನಲ್ಲಿರುವ ಮೂಡಲಗಿ ತಾಲೂಕಿನ ನಾಗನೂರದ ರೈತನಿಗೆ ಒಂದು ಸತ್ಯವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಾಗಿಲ್ಲ: ಜಲಾಶಯ ತುಂಬಿದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ಮುಖ್ಯ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ ಎಂಬ ಮೂರು ಹಂತಗಳಲ್ಲಿ ಕೊನೆಯದು ಹೂಳಿನಿಂದ ಮುಚ್ಚಿದ್ದರೆ, ಮೊದಲ ಎರಡರಲ್ಲಿ ಎಷ್ಟು ನೀರು ಹರಿದರೂ ಕೊನೆಯಂಚಿನ ಕಬ್ಬು ಒಣಗುತ್ತದೆ. ಆದರೂ ದಾಖಲೆಯಲ್ಲಿ ಆ ಹೊಲ ‘ನೀರಾವರಿ’ ಎಂದೇ ನಮೂದಾಗಿರುತ್ತದೆ.

ಅಂತರಜಾಲದ ಹೆಸರಿನಲ್ಲಿ ಇಂದು ಹಳ್ಳಿಗಳಲ್ಲಿ ನಡೆಯುತ್ತಿರುವುದು ಇಂತಹುದೇ ಕಾಗದದ ನೀರಾವರಿ. ಪಂಚಾಯಿತಿ ಕಚೇರಿಯವರೆಗೆ ಗಾಜಿನ ಎಳೆ ಬಂದರೆ ಸಾಕು, ಇಡೀ ಗ್ರಾಮ ‘ಸಂಪರ್ಕಿತ’ವೆನಿಸುತ್ತದೆ. ಗುಡ್ಡದ ನೆತ್ತಿಯಲ್ಲಿ ನಿಂತಾಗ ಮೊಬೈಲಿನಲ್ಲಿ ಎರಡು ಗೆರೆ ಮೂಡಿದರೆ ಸಾಕು, ಊರು ‘ವ್ಯಾಪ್ತಿಯೊಳಗೆ’ ಸೇರಿಬಿಡುತ್ತದೆ. ಮನೆಯೊಳಗೆ ಕುಳಿತ ವಿದ್ಯಾರ್ಥಿನಿಗೆ ಪಾಠ ಕೇಳಿಸುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಆ ದಾಖಲೆಯಲ್ಲಿ ಅಂಕಣವೇ ಇಲ್ಲ.

ಹೀಗಾಗಲು ಅಧಿಕಾರಸ್ಥರ ಮತ್ತು ಕಂಪನಿಗಳ ಜಾಣತನ ಒಂದು ಕಾರಣ. ಹಳ್ಳಿಗರ ಅರಿವಿನ ಕೊರತೆ ಇನ್ನೊಂದು. ನೀರಿನ ವಿಷಯದಲ್ಲಿ ಕ್ಯೂಸೆಕ್, ಸರದಿ, ತೂಬು ಎಲ್ಲವನ್ನೂ ಬಲ್ಲ ರೈತನು ಅಂತರಜಾಲದ ಮಾತು ಬಂದಾಗ ‘ನೆಟ್‌ವರ್ಕ್ ಕೊಡಿ’ ಎಂದಷ್ಟೇ ಕೇಳುತ್ತಾನೆ. ಬೇಕಾದುದನ್ನು ನಿಖರವಾಗಿ ಹೆಸರಿಸದವನಿಗೆ, ಕೊಡುವವನು ತನಗೆ ಅಗ್ಗವಾದುದನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಾನೆ.

ಮೋಜಿನ ಮಾತಲ್ಲ

ಅಂತರಜಾಲವೆಂದರೆ ಸಿನಿಮಾ, ಹರಟೆ, ಕಾಲಹರಣ. ಹಳ್ಳಿಗೆ ಅದಿಲ್ಲದಿದ್ದರೇನು ನಷ್ಟ ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. ಅವರ ಪಹಣಿ 2000ರ ‘ಭೂಮಿ’ ಯೋಜನೆಯಿಂದಲೇ ಗಣಕಯಂತ್ರದೊಳಗೆ ಸೇರಿದೆ. ತಮ್ಮ ಹೊಲದ ಬೆಳೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಸಮೀಕ್ಷೆಗೆ ಸೇರಿಸುವ ಕೆಲಸವನ್ನು 2020ರಿಂದ ರಾಜ್ಯದ ರೈತರಿಗೇ ವಹಿಸಲಾಯಿತು. ಬೆಳೆ ವಿಮೆಯ ನೋಂದಣಿ, ಕಿಸಾನ್ ಸಮ್ಮಾನ್ ಹಣಕ್ಕೆ ಗುರುತಿನ ದೃಢೀಕರಣ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜು ಪ್ರವೇಶದ ಆಯ್ಕೆ ಎಲ್ಲವೂ ಅದೇ ದಾರಿಯಲ್ಲಿ ಸಾಗಬೇಕು. ವಿಮೆಗೆ ಕೊನೆಯ ದಿನಾಂಕವಿದೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವವನಿಗಾಗಿ ಆ ದಿನಾಂಕ ಕಾಯುವುದಿಲ್ಲ.

2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಸೀಮೆಯ ಒಂದು ಛಾಯಾಚಿತ್ರವನ್ನು ನಾಡೆಲ್ಲ ನೋಡಿತು. ಸುರಿಯುವ ಮಳೆಯಲ್ಲಿ, ರಸ್ತೆಯ ಬದಿಯಲ್ಲಿ ಕುಳಿತು ಹತ್ತನೆಯ ತರಗತಿಯ ಬಾಲಕಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಪತ್ರಿಕೆಗಳು ಆ ತಂದೆಯ ಮಮತೆಯನ್ನು ಕೊಂಡಾಡಿದವು. ಕೊಂಡಾಡಬೇಕಾದದ್ದೇ. ಆದರೆ ತಂದೆಯೊಬ್ಬನು ಕೊಡೆ ಹಿಡಿಯಬೇಕಾಗಿ ಬಂದದ್ದು ಯಾರ ತಪ್ಪಿನಿಂದ ಎಂಬ ಪ್ರಶ್ನೆ ಆ ಹೊಗಳಿಕೆಯಲ್ಲಿ ಮುಳುಗಿಹೋಯಿತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಕೂಗು ಎದ್ದಿತು. ಕೂಗು ನ್ಯಾಯವಾದದ್ದು, ಆದರೆ ಅದರಲ್ಲಿಯೂ ಬೇಡಿಕೆ ‘ನೆಟ್‌ವರ್ಕ್’ ಎಂಬ ಒಂದೇ ಮಬ್ಬು ಪದದಲ್ಲಿ ನಿಂತಿತ್ತು.

ಬೆಟ್ಟವೆಂಬ ನೆವ

ಮಲೆನಾಡಿನ ಹಳ್ಳಿಗರು ದೂರು ಕೊಟ್ಟಾಗಲೆಲ್ಲ ಸಿಗುವ ಉತ್ತರ ಒಂದೇ: ‘ನಿಮ್ಮದು ಬೆಟ್ಟದ ಪ್ರದೇಶ, ಏನು ಮಾಡುವುದು?’ ಈ ಉತ್ತರವನ್ನು ನಾಗನೂರದ ಬಯಲಿಗೆ ಒಯ್ದು ಪರೀಕ್ಷಿಸಬೇಕು. ಅಲ್ಲಿ ಸಹ್ಯಾದ್ರಿಯ ಕಣಿವೆಗಳಿಲ್ಲ, ದಟ್ಟ ಕಾಡಿಲ್ಲ. ಆದರೆ ಆ ಸೀಮೆಯಲ್ಲಿ ಊರೊಳಗಿನ ಮನೆ, ತೋಟದ ಮನೆ ಎಂಬ ಎರಡು ಬಗೆಯ ವಾಸವಿದೆ. ಊರೊಳಗೆ ಮನೆಗಳು ಒತ್ತೊತ್ತಾಗಿವೆ. ಒಂದು ಕೇಬಲ್ ಎಳೆದರೆ ಒಂದೇ ಓಣಿಯಲ್ಲಿ ಹತ್ತಾರು ಗಿರಾಕಿಗಳು ದೊರೆಯುತ್ತಾರೆ. ಕಬ್ಬಿನ ಗದ್ದೆಗಳ ನಡುವೆ ಚದುರಿರುವ ತೋಟದ ಮನೆಗೆ ಅದೇ ಕೇಬಲ್ ಎಳೆದರೆ ದೊರೆಯುವವನು ಒಬ್ಬನೇ.

ಅಂದರೆ ಸಿರಸಿಯ ಅಡಿಕೆ ತೋಟದ ಒಂಟಿಮನೆಗೂ ನಾಗನೂರದ ಕಬ್ಬಿನ ತೋಟದ ಮನೆಗೂ ಒದಗುವ ಗತಿ ಒಂದೇ. ರೇಡಿಯೊ ಅಲೆಗೆ ಬೆಟ್ಟ ಅಡ್ಡಿಯಾಗುವುದು ನಿಜ. ಆದರೆ ತಂತಿಗೆ ಅಡ್ಡಿಯಾಗಿರುವುದು ಬೆಟ್ಟಕ್ಕಿಂತ ಹೆಚ್ಚಾಗಿ ಲಾಭದ ಲೆಕ್ಕ. ಬೆಟ್ಟವನ್ನು ಕರಗಿಸಲು ಯಾವ ಗ್ರಾಮಸಭೆಗೂ ಸಾಧ್ಯವಿಲ್ಲ. ಲೆಕ್ಕವನ್ನು ಬದಲಿಸಲು ಸಾಧ್ಯವಿದೆ. ಅದಕ್ಕೆ ಮೊದಲು ಮನೆಗೆ ಅಂತರಜಾಲ ಬರುವ ದಾರಿಗಳಾವುವು ಎಂಬುದು ಪ್ರತಿಯೊಬ್ಬನಿಗೂ ತಿಳಿದಿರಬೇಕು.

ದಾರಿಗಳು ಎಷ್ಟು ಬಗೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ತೆರೆದುಕೊಂಡದ್ದು 1995ರ ಆಗಸ್ಟ್ 15ರಂದು. ಆಗಿನದು ದೂರವಾಣಿಯಲ್ಲಿ ಸಂಖ್ಯೆ ಒತ್ತಿ ಸಂಪರ್ಕ ಪಡೆಯುವ ಡಯಲಪ್ ಪದ್ಧತಿ. ಅದರ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಅದು ನಡೆಯುತ್ತಿರುವಾಗ ಮನೆಯ ದೂರವಾಣಿ ಕೆಲಸ ಮಾಡುತ್ತಿರಲಿಲ್ಲ. ಅದರ ಕಾಲ ಮುಗಿದಿದೆ.

ಅನಂತರ ಬಂದದ್ದು ಅದೇ ತಾಮ್ರದ ತಂತಿಯಲ್ಲಿ ಮಾತನ್ನೂ ದತ್ತಾಂಶವನ್ನೂ ಬೇರೆ ಬೇರೆಯಾಗಿ ಹರಿಸುವ ಡಿಎಸ್‌ಎಲ್. 2005ರಲ್ಲಿ ಬಿಎಸ್‌ಎನ್‌ಎಲ್ ಇದನ್ನು ಬ್ರಾಡ್‌ಬ್ಯಾಂಡ್ ಹೆಸರಿನಲ್ಲಿ ಆರಂಭಿಸಿತು. ಇದರ ದೋಷ ದೂರ. ದೂರವಾಣಿ ವಿನಿಮಯ ಕೇಂದ್ರದಿಂದ ತಂತಿ ಎರಡು ಮೂರು ಕಿಲೋಮೀಟರ್ ದಾಟಿದರೆ ವೇಗ ಕುಸಿಯುತ್ತದೆ. ಐದು ಕಿಲೋಮೀಟರ್ ದಾಟಿದರೆ ಬಹುತೇಕ ನಿಂತೇ ಹೋಗುತ್ತದೆ. ಒಂಟಿಮನೆಗಳ ನಾಡಿಗೆ ಇದು ಎಂದೂ ಹೊಂದುವಂತಹುದಾಗಿರಲಿಲ್ಲ. ತಾಮ್ರವು ಸಿಡಿಲನ್ನೂ ಮನೆಯೊಳಗೆ ಕರೆತರುತ್ತಿತ್ತು. ಇನ್ನು ಟಿವಿ ಕೇಬಲ್‌ನಲ್ಲಿ ಬರುವ ಸಂಪರ್ಕ: ಅದನ್ನು ಓಣಿಯ ಮನೆಗಳೆಲ್ಲ ಹಂಚಿಕೊಳ್ಳುವುದರಿಂದ ಸಂಜೆಯ ಹೊತ್ತು ಅದು ನಿಧಾನಿಸುತ್ತದೆ.

ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್, ಇವೆಲ್ಲಕ್ಕಿಂತ ಬೇರೆ ಜಾತಿಯದು. ಇದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಕೇಂದ್ರದಿಂದ ಸುಮಾರು 20 ಕಿಲೋಮೀಟರ್‌ವರೆಗೆ ಇದು ವೇಗ ಕುಂದದೆ ಮುಟ್ಟಬಲ್ಲದು. ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸುವ ಪೆಟ್ಟಿಗೆಗೆ ನಡುದಾರಿಯಲ್ಲಿ ವಿದ್ಯುತ್ತಿನ ಅಗತ್ಯವೇ ಇಲ್ಲ. ಗಾಜಿನಲ್ಲಿ ವಿದ್ಯುತ್ ಹರಿಯದ ಕಾರಣ ಸಿಡಿಲಿನ ಭಯವೂ ಕಡಿಮೆ. ಮನೆಯೊಳಗಿನ ಪೆಟ್ಟಿಗೆಗೆ ಮಾತ್ರ ಕರೆಂಟು ಬೇಕು. ಚಿಕ್ಕದೊಂದು ಬ್ಯಾಟರಿ ಇದ್ದರೆ ಕರೆಂಟು ಹೋದಾಗಲೂ ಸಂಪರ್ಕ ಉಳಿಯುತ್ತದೆ.

ಮೊಬೈಲ್ ಗೋಪುರದಿಂದ ಗಾಳಿಯಲ್ಲಿ ಬರುವ 4ಜಿ, 5ಜಿ ಸಂಪರ್ಕ ಇನ್ನೊಂದು ಬಗೆ. ಒಂದು ಗೋಪುರದ ಅಲೆಯನ್ನು ಅದರ ಸುತ್ತಲಿನ ಎಲ್ಲರೂ ಹಂಚಿಕೊಳ್ಳಬೇಕು. ಬೆಟ್ಟ ಅಡ್ಡ ಬಂದರೆ ಅಲೆ ತಡೆಯುತ್ತದೆ. ಮಳೆಯಲ್ಲಿ ತೊಯ್ದ ದಟ್ಟ ಎಲೆಗಳೂ ಅದನ್ನು ಹೀರುತ್ತವೆ. 2023ರಿಂದ ‘ಏರ್‌ಫೈಬರ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದೂ ಇದೇ ಜಾತಿಯದು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಗಾಳಿಯಲ್ಲಿ. ಹೆಸರು ಕೇಳಿ ಗಾಜಿನ ಎಳೆಯೇ ಬಂದಿತೆಂದು ಭ್ರಮಿಸಬಾರದು.

ಕಣ್ಣಿಗೆ ಕಾಣುವಷ್ಟು ನೇರ ದಾರಿಯಿರುವ ಎರಡು ಸ್ಥಳಗಳ ನಡುವೆ ಚಿಕ್ಕ ಡಿಶ್‌ಗಳನ್ನು ಎದುರುಬದುರು ನಿಲ್ಲಿಸಿ ಸಂಪರ್ಕ ಸಾಗಿಸುವ ಬಗೆಯೂ ಉಂಟು. ಕಣಿವೆಯ ಆಚೆಯ ಐದಾರು ಮನೆಗಳಿಗೆ ಇದು ಉತ್ತಮ ಉಪಾಯ. ಕೊನೆಯದು ಉಪಗ್ರಹ. ಸುಮಾರು 36,000 ಕಿಲೋಮೀಟರ್ ಎತ್ತರದ ಹಳೆಯ ಬಗೆಯ ಉಪಗ್ರಹಕ್ಕೆ ಸಂದೇಶ ಹೋಗಿಬರಲು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತದೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯವುಗಳಲ್ಲಿ ಈ ತೊಂದರೆ ಇಲ್ಲ. ಇಂತಹ ಹೊಸ ಸೇವೆಯೊಂದಕ್ಕೆ 2025ರ ಜೂನ್‌ನಲ್ಲಿ ಭಾರತದ ಪರವಾನಗಿ ದೊರೆಯಿತು. ಎಲ್ಲ ದಾರಿಗಳೂ ಮುಚ್ಚಿದ ಮನೆಗೆ ಇದು ಆಸರೆಯಾಗಬಹುದು. ಆದರೆ ಆಕಾಶದ ಕಡೆ ಕೈತೋರಿಸಿ, ನೆಲದ ಮೇಲೆ ಮಾಡಬೇಕಾದ ಕೆಲಸವನ್ನು ಮುಂದೂಡಲು ಯಾರಿಗೂ ಅವಕಾಶ ಕೊಡಬಾರದು.

ವೈಫೈ ಎಂಬುದು ಈ ಪಟ್ಟಿಯಲ್ಲಿಲ್ಲ. ಅದು ಮನೆಯ ಬಾಗಿಲಿಗೆ ಬಂದ ಸಂಪರ್ಕವನ್ನು ಒಳಗೆ ಹಂಚುವ ಸಾಧನ ಮಾತ್ರ. ಬಾವಿಯಲ್ಲಿ ನೀರಿಲ್ಲದಿದ್ದರೆ ಹೊಸ ಕೊಡ ತಂದು ಫಲವಿಲ್ಲ.

ತಿಂಗಳ ಬಿಲ್ಲಿನ ಹಿಂದಿನ ಲೆಕ್ಕ

ವೇಗವನ್ನು ಮೆಗಾಬಿಟ್‌ಗಳಲ್ಲಿ ಮಾರುತ್ತಾರೆ, ಬಳಕೆಯನ್ನು ಮೆಗಾಬೈಟ್‌ಗಳಲ್ಲಿ ಎಣಿಸುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 40 ಮೆಗಾಬಿಟ್ ವೇಗವೆಂದರೆ ಸೆಕೆಂಡಿಗೆ ಐದು ಮೆಗಾಬೈಟ್ ಮಾತ್ರ. ಸೆಕೆಂಡಿಗೆ ಒಂದು ಮೆಗಾಬಿಟ್ ಬೇಡುವ ಸಾಧಾರಣ ದೃಶ್ಯಪಾಠವು ಗಂಟೆಗೆ 450 ಮೆಗಾಬೈಟ್ ನುಂಗುತ್ತದೆ. ನಾಲ್ಕು ಗಂಟೆಗೆ 1,800. ದಿನಕ್ಕೆ ಒಂದೂವರೆ ಗಿಗಾಬೈಟ್ ಕೊಡುವ ಮೊಬೈಲ್ ಪ್ಯಾಕು ಒಂದು ಮಗುವಿನ ಒಂದು ದಿನದ ಪಾಠಕ್ಕೇ ಸಾಲದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರ ಪಾಠವನ್ನು ತಾಯಿ ಆರಿಸಬೇಕಾಗುತ್ತದೆ. ಅಂತಹ ಮನೆಗಳಲ್ಲಿ ಹಿಂದೆ ಸರಿಯುವುದು ಹೆಣ್ಣುಮಗುವೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮೊಬೈಲ್ ಇದೆಯಲ್ಲ, ಮನೆಗೆ ಬೇರೆ ಸಂಪರ್ಕವೇಕೆ?’ ಎನ್ನುವವರು ಈ ಲೆಕ್ಕಕ್ಕೆ ಮೊದಲು ಉತ್ತರ ಕೊಡಲಿ.

ಸರ್ಕಾರದ ಅಳತೆಗೋಲೂ ಬಹುಕಾಲ ಗಿಡ್ಡದಾಗಿಯೇ ಇತ್ತು. 2004ರ ನೀತಿಯಲ್ಲಿ 256 ಕಿಲೋಬಿಟ್ ವೇಗವೇ ಬ್ರಾಡ್‌ಬ್ಯಾಂಡ್ ಎನಿಸಿತ್ತು. 2013ರಲ್ಲಿ ಅದು 512 ಆಯಿತು. 2 ಮೆಗಾಬಿಟ್‌ಗೆ ಏರಿದ್ದು 2023ರಲ್ಲಿ. ಎರಡು ಮೆಗಾಬಿಟ್‌ನಲ್ಲಿ ಇಬ್ಬರು ಮಕ್ಕಳ ಪಾಠವಷ್ಟೇ ಸಾಗುತ್ತದೆ; ಆ ಹೊತ್ತು ತಂದೆ ಬೆಳೆಯ ಚಿತ್ರವನ್ನು ಕಳುಹಿಸುವಂತಿಲ್ಲ.

ಹಣವಿಲ್ಲವೆಂಬ ಮಾತನ್ನೂ ಒಪ್ಪುವಂತಿಲ್ಲ. ಗ್ರಾಮೀಣ ಸಂಪರ್ಕಕ್ಕೆಂದೇ 2002ರಿಂದ ದೂರಸಂಪರ್ಕ ಕಂಪನಿಗಳ ಪರಿಷ್ಕೃತ ಆದಾಯದ ಶೇಕಡಾ 5ರಷ್ಟನ್ನು ಒಂದು ನಿಧಿಗೆ ಸಂಗ್ರಹಿಸಲಾಗುತ್ತಿದೆ. 2023ರ ದೂರಸಂಪರ್ಕ ಕಾಯ್ದೆಯು ಅದಕ್ಕೆ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರಿಟ್ಟಿತು. ಕಂಪನಿಗಳ ಆದಾಯ ಗಿರಾಕಿಗಳ ಜೇಬಿನಿಂದ ಬಂದದ್ದು. ಸಿಗ್ನಲ್ ಸಿಗದೆ ಗುಡ್ಡ ಹತ್ತುವವನ ರೀಚಾರ್ಜು ಹಣವೂ ಅದರಲ್ಲಿ ಸೇರಿದೆ. ಆ ನಿಧಿಯಿಂದ ಹಳ್ಳಿಗೆ ಬರುವುದು ಭಿಕ್ಷೆಯಲ್ಲ, ಬಾಕಿ.

ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಗಾಜಿನ ಎಳೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದೇ ಮುಂದೆ ‘ಭಾರತ್‌ನೆಟ್’ ಆಯಿತು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಒಪ್ಪಿಗೆ ದೊರೆತಾಗ, ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕವೆಂಬ ಗುರಿಯೂ ಸೇರಿತು. ಮೊದಲ ಒಪ್ಪಿಗೆಯಿಂದ ಮನೆಯ ಬಾಗಿಲೆಂಬ ಮಾತಿಗೆ ಬರಲು ಹನ್ನೆರಡು ವರ್ಷ ಬೇಕಾಯಿತು. ಮುಖ್ಯ ಕಾಲುವೆಯನ್ನು ಉದ್ಘಾಟಿಸಿದವರು ಹೊಲಗಾಲುವೆಯನ್ನು ಇಷ್ಟು ಕಾಲ ಮರೆತಿದ್ದರೆಂದೇ ಇದರ ಅರ್ಥ.

ಕಾಡೋ ಸಂಪರ್ಕವೋ ಎಂಬ ಸುಳ್ಳು ಪ್ರಶ್ನೆ

ಪರಿಸರ ಚಳವಳಿಯ ಮೇಲೆ ಒಂದು ಆರೋಪವಿದೆ: ಇವರು ಕಾಡಿನ ಹೆಸರು ಹೇಳಿ ಹಳ್ಳಿಯ ಮಕ್ಕಳನ್ನು ಕತ್ತಲೆಯಲ್ಲಿ ಇಡುತ್ತಾರೆ. ಈ ಆರೋಪವನ್ನು ಹರಡುವವರು ಸಂಪರ್ಕವೆಂದರೆ ಗುಡ್ಡದ ನೆತ್ತಿಯ ಗೋಪುರ, ಗೋಪುರಕ್ಕೊಂದು ರಸ್ತೆ, ರಸ್ತೆಗೆ ಮರಗಳ ಬಲಿ, ಕರೆಂಟು ಹೋದಾಗ ಡೀಸೆಲ್ ಯಂತ್ರ ಎಂಬ ಸರಪಳಿಯನ್ನು ಅನಿವಾರ್ಯವೆಂದು ತೋರಿಸುತ್ತಾರೆ. ಅದು ಅನಿವಾರ್ಯವಲ್ಲ. ಮಲೆನಾಡಿನ ಒಂಟಿಮನೆಗೂ ವಿದ್ಯುತ್ ಕಂಬಗಳ ಸಾಲು ಹೋಗಿದೆ. ವಿದ್ಯುತ್ ತಂತಿ ಹೋದ ದಾರಿಯಲ್ಲಿ ಬೆರಳು ಗಾತ್ರದ ಗಾಜಿನ ಎಳೆಯ ಕೇಬಲ್ ಹೋಗಲಾರದೇ? ಅದೇ ಕಂಬ, ಅದೇ ರಸ್ತೆಯಂಚು ಸಾಕು. ಹೊಸದಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ. ಅಷ್ಟೇ ಪ್ರಮಾಣದ ದತ್ತಾಂಶವನ್ನು ಮನೆಗೆ ಮುಟ್ಟಿಸಲು ಗಾಜಿನ ಎಳೆಗೆ ತಗಲುವ ವಿದ್ಯುತ್ತೂ ಗೋಪುರಕ್ಕೆ ತಗಲುವುದಕ್ಕಿಂತ ಕಡಿಮೆ.

ಕಾನೂನು ಅಡ್ಡವಿದೆಯೆಂಬುದೂ ಅರ್ಧಸತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಗ್ರಾಮದ ಅಗತ್ಯಗಳಿಗಾಗಿ ಅರಣ್ಯಭೂಮಿ ಬಳಸಲು ಅವಕಾಶ ಕೊಡುತ್ತದೆ. ಶಾಲೆ, ಅಂಗನವಾಡಿಗಳ ಜೊತೆಗೆ ವಿದ್ಯುತ್ ಮತ್ತು ದೂರಸಂಪರ್ಕದ ತಂತಿಗಳೂ ಆ ಪಟ್ಟಿಯಲ್ಲಿವೆ. ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಿರುವುದು, ಗ್ರಾಮಸಭೆಯ ಶಿಫಾರಸು ಇವು ಅದರ ಷರತ್ತುಗಳು. ಶಿಫಾರಸು ಮಾಡುವ ಅಧಿಕಾರ ಗ್ರಾಮಸಭೆಯದು. ಆ ಅಧಿಕಾರವನ್ನು ಎಷ್ಟು ಗ್ರಾಮಸಭೆಗಳು ಬಳಸಿವೆ ಎಂದು ಹಳ್ಳಿಗರು ತಮ್ಮನ್ನೇ ಕೇಳಿಕೊಳ್ಳಬೇಕು.

ಗೋಕಾಕದ ಪಾಠ, ಹುಕ್ಕೇರಿಯ ಪಾಠ

ನಾಗನೂರದ ನೆರೆಯಲ್ಲಿಯೇ ಇದಕ್ಕೆ ಎರಡು ಪಾಠಗಳಿವೆ. ಗೋಕಾಕ ಜಲಪಾತದ ನೀರಿನಿಂದ ಅಲ್ಲಿನ ಗಿರಣಿಗಾಗಿ ವಿದ್ಯುತ್ ತೆಗೆದದ್ದು 1887ರಲ್ಲಿ. ದೇಶದ ಅತಿ ಹಳೆಯ ಜಲವಿದ್ಯುತ್ ಪ್ರಯತ್ನಗಳಲ್ಲಿ ಅದೊಂದು. ನೀರು ಊರಿನದು, ಬಂಡೆ ಊರಿನದು, ಬೆಳಕು ಮಾತ್ರ ಗಿರಣಿಯದು. ಸುತ್ತಲಿನ ಹಳ್ಳಿಗಳು ಅನಂತರವೂ ದಶಕಗಟ್ಟಲೆ ಎಣ್ಣೆದೀಪದಲ್ಲಿಯೇ ಉಳಿದವು. ತಂತ್ರಜ್ಞಾನ ಹತ್ತಿರ ಬಂದ ಮಾತ್ರಕ್ಕೆ ಮನೆಯೊಳಗೆ ಬಾರದು ಎಂಬುದು ಗೋಕಾಕದ ಪಾಠ.

ಎರಡನೆಯದು ಹುಕ್ಕೇರಿಯದು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ವಿದ್ಯುತ್ತನ್ನು ಸಗಟಾಗಿ ಪಡೆದು, ತಾಲೂಕಿನ ಹಳ್ಳಿಗಳಿಗೆ ಹಂಚುವ ಈ ಸಂಘದಲ್ಲಿ ಬಳಕೆದಾರನೇ ಸದಸ್ಯ. ಇಂದಿಗೂ ರಾಜ್ಯದಲ್ಲಿ ವಿದ್ಯುತ್ ಹಂಚುವ ಸಹಕಾರ ಸಂಘವೆಂದರೆ ಹುಕ್ಕೇರಿಯದೇ. ಅದರ ಆಡಳಿತದಲ್ಲಿ ಲೋಪಗಳಿದ್ದರೆ ಅವನ್ನು ಸದಸ್ಯರು ಪ್ರಶ್ನಿಸಲಿ. ಆದರೆ ಕಂಬ ನಿಲ್ಲಿಸಿ, ತಂತಿ ಎಳೆದು, ಬಿಲ್ಲು ವಸೂಲು ಮಾಡುವ ಕೆಲಸವನ್ನು ಹಳ್ಳಿಗರ ಸಂಸ್ಥೆಯೊಂದು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿದೆ. ವಿದ್ಯುತ್ತಿಗೆ ಆದದ್ದು ಗಾಜಿನ ಎಳೆಗೆ ಏಕಾಗದು?

ಹೊರಗಿನ ಉದಾಹರಣೆಗಳೂ ಉಂಟು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹಲವು ಇಂದು ತಮ್ಮ ಕಂಬಗಳಲ್ಲಿಯೇ ಗಾಜಿನ ಎಳೆಯನ್ನು ಒಯ್ದು ಸದಸ್ಯರ ಮನೆ ಮುಟ್ಟಿಸುತ್ತಿವೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯಲ್ಲಿ, ಕಂಪನಿಗಳು ಬರಲೊಲ್ಲದ ಹಳ್ಳಿಗಳ ಜನರು 2011ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ರೈತರು ಹೊಲಗಳಲ್ಲಿ ಉಚಿತವಾಗಿ ದಾರಿ ಬಿಟ್ಟುಕೊಟ್ಟು, ತಾವೇ ಕಾಲುವೆ ತೋಡಿ ಎಳೆ ಹೂತರು. ಸಹಕಾರದ ಪಾಠವನ್ನು ಕಡಲಾಚೆಯಿಂದ ಕಲಿಯಬೇಕಾದ ನಾಡು ಕರ್ನಾಟಕವಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ಸಿರಸಿಯ ತೋಟಗಾರ್ಸ್ ಸೊಸೈಟಿ 1923ರದು, ಕ್ಯಾಂಪ್ಕೊ 1973ರದು. ಅಡಿಕೆಯ ಧಾರಣೆಗಾಗಿ ಒಂದಾದ ಮಲೆನಾಡು ಮಕ್ಕಳ ಪಾಠಕ್ಕಾಗಿ ಒಂದಾಗಲಾರದೇ?

ಆಕ್ಷೇಪಗಳಿವೆ, ಅವು ಸಣ್ಣವಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎಳೆ ತುಂಡಾಗುತ್ತದೆ. ಬೆಸೆಯಲು ವಿಶೇಷ ಯಂತ್ರವೂ ಕಲಿತ ಕೈಯೂ ಬೇಕು. ನಗರದಿಂದ ಬರಬೇಕಾದ ತಂತ್ರಜ್ಞನಿಗಾಗಿ ಹದಿನೈದು ದಿನ ಕಾದರೆ ಎಂತಹ ಎಳೆಯೂ ವ್ಯರ್ಥ. ಆದ್ದರಿಂದಲೇ ದುರಸ್ತಿಯ ಯಂತ್ರ ಊರಿನ ಸಂಘದಲ್ಲಿರಬೇಕು, ಬೆಸೆಯುವ ಕೈ ಊರಿನ ಯುವಕ ಯುವತಿಯರದ್ದಾಗಿರಬೇಕು. ಕೊನೆಯ ಒಂದೆರಡು ಮನೆಗಳಿಗೆ ಎಳೆ ಒಯ್ಯಲು ನಿಜವಾಗಿಯೂ ಸಾಧ್ಯವಾಗದಿದ್ದರೆ ಎದುರುಬದುರು ಡಿಶ್, ಅದೂ ಆಗದಿದ್ದರೆ ಉಪಗ್ರಹ. ಕ್ರಮ ಇದು. ಈಗ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು.

ಗ್ರಾಮಸಭೆಯಲ್ಲಿ ಕೇಳಬೇಕಾದದ್ದು

ಮುಂದಿನ ಗ್ರಾಮಸಭೆಯಲ್ಲಿ ‘ನೆಟ್‌ವರ್ಕ್ ಕೊಡಿ’ ಎಂಬ ಮನವಿಯ ಬದಲು ಐದು ಪ್ರಶ್ನೆಗಳು ನಡಾವಳಿಯಲ್ಲಿ ದಾಖಲಾಗಲಿ. ಪಂಚಾಯಿತಿಗೆ ಗಾಜಿನ ಎಳೆ ಬಂದಿದೆಯೇ, ಬಂದಿದ್ದರೆ ಇಂದು ಅದರಲ್ಲಿ ಬೆಳಕು ಹರಿಯುತ್ತಿದೆಯೇ? ಅಲ್ಲಿಂದ ಎಷ್ಟು ಮನೆಗಳಿಗೆ ಕವಲು ಹೋಗಿದೆ? ಉಳಿದ ಮನೆಗಳಿಗೆ ವಿದ್ಯುತ್ ಕಂಬದ ದಾರಿಯಲ್ಲಿ ಎಳೆ ಒಯ್ಯಲು ಅಡ್ಡಿ ಏನು, ಅಡ್ಡಿಪಡಿಸುತ್ತಿರುವ ಕಚೇರಿ ಯಾವುದು? ಕೆಟ್ಟಾಗ ದುರಸ್ತಿ ಮಾಡುವವರು ಯಾರು, ಎಷ್ಟು ದಿನದೊಳಗೆ? ಊರಿನ ಸಹಕಾರ ಸಂಘ ಇದನ್ನು ವಹಿಸಿಕೊಳ್ಳಲು ಸಿದ್ಧವಿದೆಯೇ?

ಈ ಪ್ರಶ್ನೆಗಳನ್ನು ಬರೆದು ಓದುವ ಕೆಲಸ ವಿದ್ಯಾರ್ಥಿಗಳದ್ದಾಗಲಿ; ಪೆಟ್ಟು ಬಿದ್ದಿರುವುದು ಅವರಿಗೇ. ಅಧಿಕಾರಿ ಭೂಪಟ ಬಿಡಿಸಿ ‘ನಿಮ್ಮ ಊರು ವ್ಯಾಪ್ತಿಯೊಳಗಿದೆ’ ಎಂದರೆ, ಅವರನ್ನು ಕೊನೆಯ ಮನೆಗೆ ಕರೆದೊಯ್ದು ಜಗಲಿಯ ಮೇಲೆ ಕೂರಿಸಿ, ಅಲ್ಲಿಂದಲೇ ಆ ಭೂಪಟವನ್ನು ತೆರೆಯಲು ಹೇಳಲಿ. ಕೊನೆಯಂಚಿನ ಹೊಲದಲ್ಲಿ ನೀರು ನಿಂತಾಗ ಮಾತ್ರ ಕಾಲುವೆಯ ಕೆಲಸ ಮುಗಿದಂತೆ. ಅಲ್ಲಿಯವರೆಗೆ ಯಾವ ಗುತ್ತಿಗೆಗೂ ಕೆಲಸ ಪೂರ್ಣಗೊಂಡಿತೆಂಬ ಪತ್ರಕ್ಕೆ ಗ್ರಾಮಸಭೆ ಸಹಿ ಹಾಕಬಾರದು.